ಕಿಡಿಯ ಕುಶಲಿ ರಾಬರ್ಟ್ ಬಾಷ್

ಪೆಟ್ರೋಲಿನಿಂದ ಓಡುವ ಪ್ರತಿಯೊಂದು ವಾಹನದ ಒಡಲಿನಲ್ಲಿಯೂ ಒಂದು ಕಿಡಿ ಅಡಗಿದೆ. ಭಾನುವಾರದ ಬೆಳಗಿನ ಹೊತ್ತು ಶೋಳಿಂಗನಲ್ಲೂರಿನ ನಾಲ್ಕು ದಾರಿ ಕೂಡುವೆಡೆಯನ್ನು ದಾಟಿ ಮಹಾಬಲಿಪುರದ ಕಡೆಗೆ ಸಾಲುಗಟ್ಟಿ ಹೋಗುವ ಬುಲೆಟ್ ಮೋಟಾರ್ ಸೈಕಲ್ಲುಗಳ ಗುಡುಗನ್ನು ಕೇಳದ ವಿದ್ಯಾರ್ಥಿಯು ನಮ್ಮಲ್ಲಿ ಇರಲಾರನು. ಆ ಗುಡುಗಿನ ಒಂದೊಂದು ಬಡಿತಕ್ಕೂ ಮೊದಲು ಎಂಜಿನಿನೊಳಗೆ ಒಂದು ಕಿಡಿ ಹಾರಿರುತ್ತದೆ. ಕಿಡಿ ಹಾರದಿದ್ದರೆ ಗುಡುಗೂ ಇಲ್ಲ, ಓಟವೂ ಇಲ್ಲ. ಎಷ್ಟು ಬೆಲೆಬಾಳುವ ಗಾಡಿಯಾದರೂ ಅದು ಕೇವಲ ಕಬ್ಬಿಣದ ರಾಶಿ. ಈ ಕಿಡಿಯನ್ನು ಪಳಗಿಸಿ, ಜಗತ್ತಿನ ವಾಹನಗಳಿಗೆಲ್ಲ ಒದಗಿಸಿಕೊಟ್ಟವರಲ್ಲಿ ಅಗ್ರಗಣ್ಯರು ಜರ್ಮನಿಯ ರಾಬರ್ಟ್ ಬಾಷ್ ಅವರು.

ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ಮತ್ತೊಂದು ಕಾರಣವೂ ಉಂಟು. ಹಳೆಯ ಮೋಟಾರ್ ಸೈಕಲ್ಲುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದಿರುವ ಜನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರಿಗಾಗಿ ಹಳೆಯ ಮಾದರಿಯ ಕಿಡಿಯಂತ್ರಗಳನ್ನು ಹೊಸದಾಗಿ ತಯಾರಿಸುವವರೂ ಇದ್ದಾರೆ. ಇದು ನನ್ನ ವಿನ್ಯಾಸ, ಅವನು ನಕಲು ಮಾಡಿದ ಎಂಬ ಜಗಳವು ಇಂಥ ಕಸುಬಿನಲ್ಲಿ ಬಹು ಹಳೆಯದು. ಆ ಜಗಳದ ಎರಡು ಕಡೆಗಳಲ್ಲಿಯೂ ನಿಂತವರು ಬಾಷ್. ಒಮ್ಮೆ ಅವರು ಇತರರ ಯಂತ್ರವನ್ನು ನೋಡಿ ಮಾಡಿದರು. ಮುಂದೆ ಇತರರು ಅವರದನ್ನು ನೋಡಿ ಮಾಡಿದರು. ಕೊನೆಗೆ ಅವರ ಹೆಸರನ್ನೇ ಕಸಿದುಕೊಂಡರು. ನೋಡಿ ಕಲಿಯುವುದು ಯಾವುದು, ಕದಿಯುವುದು ಯಾವುದು ಎಂಬ ಪ್ರಶ್ನೆಗೆ ಅವರ ಬಾಳಿನಲ್ಲಿ ಉತ್ತರ ದೊರೆಯುತ್ತದೆ.

ರಾಬರ್ಟ್ ಬಾಷ್ ಅವರು ೧೮೬೧ನೆಯ ಇಸವಿ ಸೆಪ್ಟೆಂಬರ್ ೨೩ರಂದು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಹತ್ತಿರವಿರುವ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಸರ್ವೇಷಿಯಸ್ ಬಾಷ್ ಅವರು ಬೇಸಾಯಗಾರರು, ಜೊತೆಗೆ ದಾರಿಹೋಕರಿಗೆ ಊಟ ವಸತಿಗಳನ್ನು ಒದಗಿಸುವ ಛತ್ರವೊಂದರ ಒಡೆಯರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು. ಉಲ್ಮ್ ನಗರದ ಶಾಲೆಯಲ್ಲಿ ಓದಿ, ಬಳಿಕ ಸೂಕ್ಷ್ಮಯಂತ್ರಗಳ ಕೆಲಸವನ್ನು ಕಲಿಯಲು ಒಬ್ಬ ಕಸುಬುದಾರನ ಬಳಿ ಸೇರಿದರು. ಆ ಗುರುವಾದರೋ ಶಿಷ್ಯರ ಕಡೆಗೆ ಗಮನ ಕೊಡದವನು. ಅಂಗಡಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಕಲಿಯುವ ಆಸೆಯಿಂದ ಹೋದ ಹುಡುಗನಿಗೆ ಕಲಿಸುವವರಿಲ್ಲದೆ ಹೋದ ಆ ಮೂರು ವರ್ಷಗಳ ನೋವನ್ನು ಬಾಷ್ ಕೊನೆಯವರೆಗೂ ಮರೆಯಲಿಲ್ಲ. ತಾವು ದೊಡ್ಡ ಕಾರ್ಖಾನೆಯ ಒಡೆಯರಾದ ಮೇಲೆ, ೧೯೧೩ರಲ್ಲಿ, ಕೆಲಸ ಕಲಿಯುವ ಹುಡುಗರಿಗಾಗಿಯೇ ಪ್ರತ್ಯೇಕವಾದ ತರಬೇತಿ ವಿಭಾಗವನ್ನು ತೆರೆದರು. ತಮಗಾದ ಕೊರತೆಯನ್ನು ಮುಂದಿನವರಿಗೆ ಆಗಗೊಡದಿರುವುದು ದೊಡ್ಡವರ ಲಕ್ಷಣ.

ಕಸುಬು ಕಲಿತ ಮೇಲೆ ಅವರು ಒಂದೆಡೆ ನಿಲ್ಲಲಿಲ್ಲ. ಜರ್ಮನಿಯ ಹಲವು ಊರುಗಳಲ್ಲಿ ದುಡಿದರು. ಸ್ಟುಟ್‌ಗಾರ್ಟ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಕೆಲಕಾಲ ಕುಳಿತು ಪಾಠ ಕೇಳಿದರು. ೧೮೮೪ರಲ್ಲಿ ಹಡಗನ್ನೇರಿ ಅಮೆರಿಕೆಗೆ ಹೋಗಿ, ಜಗತ್ಪ್ರಸಿದ್ಧ ಎಡಿಸನ್ನರ ಕಾರ್ಖಾನೆಯಲ್ಲಿ ಕೆಲಸಮಾಡಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಸೋದರರ ಕಾರ್ಖಾನೆಯಲ್ಲಿ ದುಡಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮಕ್ಕಳಾದ ನಮ್ಮ ವಿದ್ಯಾರ್ಥಿಗಳಿಗೆ ಈ ಅಲೆದಾಟದ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

೧೮೮೬ನೆಯ ನವೆಂಬರ್ ೧೫ರಂದು, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬಾಷ್ ಸ್ಟುಟ್‌ಗಾರ್ಟ್ ನಗರದ ಒಂದು ಹಿತ್ತಲಿನ ಕಟ್ಟಡದಲ್ಲಿ ಸ್ವಂತ ಕರ್ಮಶಾಲೆಯನ್ನು ತೆರೆದರು. ಬಂಡವಾಳ ಹತ್ತು ಸಾವಿರ ಮಾರ್ಕು. ಸಹಾಯಕ್ಕೆ ಒಬ್ಬ ಕೆಲಸಗಾರ, ಒಬ್ಬ ಓಡಾಟದ ಹುಡುಗ. ಟೆಲಿಫೋನು, ವಿದ್ಯುತ್ ಗಂಟೆ ಮುಂತಾಗಿ ಕೈಗೆ ಬಂದ ಕೆಲಸವನ್ನೆಲ್ಲ ಮಾಡಿಕೊಡುತ್ತಿದ್ದರು. ಗಿರಾಕಿಗಳ ಮನೆಗೆ ಹೋಗಿಬರಲು ಬೈಸಿಕಲ್ಲನ್ನು ಕೊಂಡರು; ಆ ಕಾಲಕ್ಕೆ ಅದು ಊರವರು ತಿರುಗಿ ನೋಡುವಂಥ ವಸ್ತು. ಆದರೆ ಮೊದಲ ಹತ್ತು ವರ್ಷಗಳ ದಾರಿ ಸುಗಮವಾಗಿರಲಿಲ್ಲ. ಒಮ್ಮೆಯಂತೂ ಕೆಲಸವಿಲ್ಲದೆ ಹೆಚ್ಚಿನ ಆಳುಗಳನ್ನೆಲ್ಲ ಕಳುಹಿಸಿಬಿಡಬೇಕಾಯಿತು. ಬಂಧುಗಳಿಂದ ಸಾಲ ದೊರೆತುದರಿಂದ ಅಂಗಡಿಯ ಬಾಗಿಲು ಮುಚ್ಚದೆ ಉಳಿಯಿತು.

ಇಂಥ ದಿನಗಳಲ್ಲಿಯೇ ಅವರ ಭಾಗ್ಯದ ಬಾಗಿಲನ್ನು ತಟ್ಟಿದುದು ಒಂದು ನಕಲಿನ ಕೆಲಸ. ೧೮೮೭ರಲ್ಲಿ ಗಿರಾಕಿಯೊಬ್ಬನು ಬಂದು, ಡಾಯ್ಟ್ಸ್ ಕಂಪನಿಯವರು ತಮ್ಮ ಎಂಜಿನಿಗೆ ಜೋಡಿಸುತ್ತಿರುವ ಮ್ಯಾಗ್ನೆಟೊ ಎಂಬ ಯಂತ್ರದಂಥದನ್ನೇ ತನಗೂ ಮಾಡಿಕೊಡಬೇಕೆಂದು ಕೇಳಿದನು.

ಈ ಮ್ಯಾಗ್ನೆಟೊ ಎಂದರೇನು? ಎಂಜಿನಿನ ಉರುಳೆಯೊಳಗೆ ಗಾಳಿಯೂ ಇಂಧನದ ಆವಿಯೂ ಕೂಡಿ ಒತ್ತಿ ನಿಂತಿರುತ್ತವೆ. ಸರಿಯಾದ ಗಳಿಗೆಯಲ್ಲಿ ಅದಕ್ಕೆ ಬೆಂಕಿ ತಗುಲಬೇಕು. ಕೆಲವರು ಕಾದ ಕೊಳವೆಯಿಂದ ಬೆಂಕಿ ಹೊತ್ತಿಸುತ್ತಿದ್ದರು, ಅದು ಅಪಾಯಕರ. ಕೆಲವರು ಬ್ಯಾಟರಿಯನ್ನು ನಂಬಿದ್ದರು. ಅದು ಬೇಗ ಬರಿದಾಗುತ್ತಿತ್ತು. ಮ್ಯಾಗ್ನೆಟೊವಾದರೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕಾಂತದ ಎರಡು ತುದಿಗಳ ನಡುವೆ ತಂತಿಯ ಸುರುಳಿಯನ್ನು ಆಡಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ವಿಜ್ಞಾನದ ಪಾಠದಲ್ಲಿ ನೀವು ಓದಿದ್ದೀರಿ. ಸೈಕಲ್ಲಿನ ಡೈನಮೊದಲ್ಲಿ ನಡೆಯುವುದೂ ಇಂಥದೇ. ಎಂಜಿನು ತಿರುಗುತ್ತಿರುವವರೆಗೆ ಮ್ಯಾಗ್ನೆಟೊ ಕಿಡಿಯನ್ನು ಕೊಡುತ್ತಲೇ ಇರುತ್ತದೆ.

ಕೇಳಿದೊಡನೆ ಬಾಷ್ ಕತ್ತರಿ ಸುತ್ತಿಗೆಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಅಂಥ ಯಂತ್ರವೊಂದನ್ನು ಹೋಗಿ ಕಣ್ಣಾರೆ ನೋಡಿದರು. ಅದಕ್ಕೆ ಪೇಟೆಂಟಿನ ರಕ್ಷಣೆ ಇದೆಯೇ ಎಂಬುದನ್ನು ಮೊದಲು ವಿಚಾರಿಸಿದರು. ಪೇಟೆಂಟು ಎಂದರೆ ಸರಕಾರವು ಕೊಡುವ ಏಕಸ್ವಾಮ್ಯದ ಸನ್ನದು. ಹೊಸದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಲೋಕಕ್ಕೆ ಬರೆದು ತಿಳಿಸಬೇಕು. ಪ್ರತಿಯಾಗಿ ಕೆಲವು ವರ್ಷಗಳ ಕಾಲ ಅವನ ಅಪ್ಪಣೆಯಿಲ್ಲದೆ ಇತರರು ಅದನ್ನು ಮಾಡಿ ಮಾರಕೂಡದು. ಅವಧಿ ತೀರಿದ ಮೇಲೆ ಅದು ಎಲ್ಲರ ಸೊತ್ತು. ಇಂದು ನಮ್ಮ ದೇಶದಲ್ಲಿ ಈ ಅವಧಿ ೨೦ ವರ್ಷ. ಡಾಯ್ಟ್ಸ್ ಯಂತ್ರಕ್ಕೆ ಇಂಥ ಅಡ್ಡಿ ಇಲ್ಲವೆಂದು ಕಂಡುಕೊಂಡ ಮೇಲೆಯೇ ಬಾಷ್ ಕೆಲಸಕ್ಕೆ ಕೈಹಾಕಿದರು. ಆಗಲೂ ಕಂಡುದನ್ನು ಕಂಡಂತೆಯೇ ಮಾಡಲಿಲ್ಲ. ಕುದುರೆಯ ಲಾಳದಂತೆ ಬಾಗಿದ ಕಾಂತಗಳನ್ನು ಜೋಡಿಸಿ ಯಂತ್ರವನ್ನು ಉತ್ತಮಪಡಿಸಿದರು. ೧೮೯೬ರ ಹೊತ್ತಿಗೆ ಅವರ ಕರ್ಮಶಾಲೆಯಿಂದ ಸಾವಿರನೆಯ ಮ್ಯಾಗ್ನೆಟೊ ಹೊರಬಿತ್ತು.

ಆದರೆ ಇವೆಲ್ಲ ನೆಲದಲ್ಲಿ ನಾಟಿ ನಿಲ್ಲಿಸಿದ ನಿಧಾನವಾದ ಎಂಜಿನುಗಳಿಗೆ ಸಲ್ಲುತ್ತಿದ್ದವು. ನಿಮಿಷಕ್ಕೆ ಸಾವಿರಕ್ಕೂ ಮೀರಿ ಸುತ್ತುವ ವಾಹನದ ಎಂಜಿನಿಗೆ ಅದರ ಭಾರವಾದ ಸುರುಳಿಯು ಹೆಜ್ಜೆ ಹಾಕಲಾರದು. ೧೮೯೭ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ಆಂಗ್ಲ ವ್ಯಾಪಾರಿಯು ಫ್ರಾನ್ಸಿನ ದ ದಿಯಾನ್ ಬೂತಾನ್ ಕಂಪನಿಯ ಮೂರು ಚಕ್ರದ ಮೋಟಾರ್ ಗಾಡಿಯೊಂದಕ್ಕೆ ಮ್ಯಾಗ್ನೆಟೊ ಬೇಕೆಂದು ಕೇಳಿದನು. ಇಂದಿನ ಮೋಟಾರ್ ಸೈಕಲ್ಲಿನ ಪೂರ್ವಜರಲ್ಲಿ ಆ ಗಾಡಿಯೂ ಒಂದು. ಬಾಷ್ ಅವರ ಕಾರ್ಖಾನೆಯ ಮೇಲ್ವಿಚಾರಕ ಆರ್ನಾಲ್ಡ್ ತ್ಸೇರಿಂಗರ್ ಎಂಬವರಿಗೆ ಉಪಾಯ ಹೊಳೆಯಿತು. ಭಾರವಾದ ಸುರುಳಿಯನ್ನು ಆಡಿಸುವುದೇಕೆ? ಅದು ನಿಂತೇ ಇರಲಿ. ಅದರ ಸುತ್ತ ಹಗುರವಾದ ಲೋಹದ ಒರೆಯೊಂದನ್ನು ಆಡಿಸಿದರೆ ಸಾಕು. ಹೀಗೆ ಮಾಡಿದಾಗ ಗಾಡಿ ಸರಾಗವಾಗಿ ಓಡಿತು. ಕಂಡುಹಿಡಿದವರು ತ್ಸೇರಿಂಗರ್, ಜಗತ್ತಿಗೆ ಪರಿಚಯವಾದುದು ಬಾಷ್ ಎಂಬ ಹೆಸರು. ಯಂತ್ರದ ಮೇಲೆ ಕೆತ್ತಿರುವ ಒಂದು ಹೆಸರಿನ ಹಿಂದೆ ಕೆತ್ತದೆ ಬಿಟ್ಟ ಎಷ್ಟೋ ಹೆಸರುಗಳಿರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಸಿಮ್ಸ್ ಅವರ ಮೂಲಕ ಬಾಷ್ ಯಂತ್ರಗಳು ಇಂಗ್ಲೆಂಡಿಗೂ ಫ್ರಾನ್ಸಿಗೂ ಹೋದವು. ಅಲ್ಲಿ ಅವು ಸಿಮ್ಸ್-ಬಾಷ್ ಎಂಬ ಜೋಡಿ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ತಯಾರಿಸಿದವರ ಹೆಸರು ಎರಡನೆಯದಾಗಿ, ಮಾರಿದವರ ಹೆಸರು ಮೊದಲನೆಯದಾದುದು ಬಾಷ್ ಅವರಿಗೆ ಹಿಡಿಸಲಿಲ್ಲ. ಕೆಲವು ವರ್ಷಗಳ ಭಿನ್ನಾಭಿಪ್ರಾಯದ ಬಳಿಕ ಈರ್ವರೂ ಬೇರೆಯಾದರು; ಬಾಷ್ ತಮ್ಮ ಸರಕನ್ನು ತಾವೇ ಮಾರತೊಡಗಿದರು.

ಮೊದಲಿನ ಮ್ಯಾಗ್ನೆಟೊದಲ್ಲಿ ದೊಡ್ಡ ತೊಡಕೊಂದಿತ್ತು. ಅದರ ವಿದ್ಯುತ್ತಿನ ಒತ್ತಡ ಕಡಮೆಯಾದುದರಿಂದ, ಕಿಡಿ ಹಾರಿಸಲು ಉರುಳೆಯೊಳಗೇ ಎರಡು ಲೋಹದ ತುಂಡುಗಳನ್ನು ಕೂಡಿಸಿ ಬಿಡಿಸುವ ಕಡ್ಡಿಗಳ ಏರ್ಪಾಟು ಬೇಕಾಗಿತ್ತು. ಅದು ಬೇಗ ಸವೆಯುತ್ತಿತ್ತು. ೧೯೦೨ರಲ್ಲಿ ಗಾಟ್‌ಲೋಬ್ ಹೋನೋಲ್ಡ್ ಎಂಬ ತರುಣ ಎಂಜಿನಿಯರರು ಇದನ್ನು ಬಗೆಹರಿಸಿದರು. ಇವರು ಹುಡುಗರಾಗಿದ್ದಾಗ ಬಾಷ್ ಕರ್ಮಶಾಲೆಯಲ್ಲಿಯೇ ಕೆಲಸ ಕಲಿತು, ಮುಂದೆ ಓದಿ ಹಿಂತಿರುಗಿದವರು. ಒಂದೇ ಸುರುಳಿಯ ಜಾಗದಲ್ಲಿ ದಪ್ಪ ತಂತಿಯ ಕೆಲವು ಸುತ್ತು, ಎಳೆಯಂಥ ತಂತಿಯ ಬಹಳ ಸುತ್ತು ಎಂದು ಎರಡು ಸುರುಳಿಗಳನ್ನಿಟ್ಟರು. ದಪ್ಪ ತಂತಿಯ ಪ್ರವಾಹವನ್ನು ತಟ್ಟನೆ ಕಡಿದಾಗ ತೆಳು ತಂತಿಯಲ್ಲಿ ಭಾರಿ ಒತ್ತಡ ಹುಟ್ಟಿ, ಸ್ಪಾರ್ಕ್ ಪ್ಲಗ್ಗಿನ ಸಣ್ಣ ಸಂದನ್ನು ಕಿಡಿಯು ತಾನಾಗಿ ಜಿಗಿಯಿತು. ಕೂಡಿಸಿ ಬಿಡಿಸುವ ಕಡ್ಡಿಗಳ ಹಂಗು ತಪ್ಪಿತು. ಇಂಥ ಯತ್ನವನ್ನು ಫ್ರಾನ್ಸಿನ ಬೂದ್ವಿಲ್ ಎಂಬವರು ಅದಕ್ಕೆ ಮೊದಲೇ ಮಾಡಿದ್ದುಂಟು. ಸ್ಟುಟ್‌ಗಾರ್ಟಿನಲ್ಲಿಯೇ ಐಸೆಮನ್ ಎಂಬವರು ಬೇರೊಂದು ಬಗೆಯ ಯಂತ್ರದಿಂದ ಪೈಪೋಟಿಗೆ ನಿಂತಿದ್ದುದೂ ಉಂಟು. ಆದರೆ ದಿನದಿನವೂ ನೆಚ್ಚಬಹುದಾದ ಯಂತ್ರವಾಗಿ ಅದನ್ನು ನೆಲೆಗೊಳಿಸಿದ ಹಿರಿಮೆ ಹೋನೋಲ್ಡರದು.

ಅಲ್ಲಿಂದ ಮುಂದಿನದು ಏಳ್ಗೆಯ ಕಥೆ. ೧೯೦೬ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೊ, ೧೯೧೨ರಲ್ಲಿ ಹತ್ತು ಲಕ್ಷದ ಮ್ಯಾಗ್ನೆಟೊ ಸಿದ್ಧವಾಯಿತು. ೧೯೧೩ರಲ್ಲಿ ಕಂಪನಿಯ ಮಾರಾಟದಲ್ಲಿ ನೂರಕ್ಕೆ ೮೮ ಪಾಲು ಹೊರದೇಶಗಳಿಂದಲೇ ಬರುತ್ತಿತ್ತು. ಐಶ್ವರ್ಯ ಬಂದಾಗ ಬಾಷ್ ಕೆಲಸಗಾರರನ್ನು ಮರೆಯಲಿಲ್ಲ. ದಿನಕ್ಕೆ ಹತ್ತು ಗಂಟೆ ದುಡಿಸುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ೧೯೦೬ರಲ್ಲಿಯೇ, ಎಂಟು ಗಂಟೆಯ ದುಡಿಮೆಯನ್ನು ಜಾರಿಗೆ ತಂದರು. ಇತರ ಒಡೆಯರು ಅವರನ್ನು ಕೆಂಪು ಬಾಷ್ ಎಂದು ಹಂಗಿಸಿದರು. ಧಾರಾಳಿಯಾದರೂ ದುಂದುಗಾರರಲ್ಲ. ಕಚೇರಿಯ ನೆಲದ ಮೇಲೆ ಬಿದ್ದಿದ್ದ ಕಾಗದದ ಪಿನ್ನನ್ನು ಕಂಡು, ಅದು ಪಿನ್ನಲ್ಲ, ಕೆಳಗೆ ಚೆಲ್ಲಿದ ಹಣವೆಂದು ನೌಕರನಿಗೆ ಎಚ್ಚರಿಕೆ ಹೇಳಿದರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಹಣ ಹೋದರೂ ಚಿಂತೆಯಿಲ್ಲ, ಜನರ ನಂಬಿಕೆ ಹೋಗಬಾರದು ಎಂಬುದು ಅವರ ವ್ಯಾಪಾರದ ಧರ್ಮವಾಗಿತ್ತು. ಸರಕಿನಲ್ಲಿ ಕುಂದು ಕಂಡುಬಂದರೆ ಅದನ್ನು ತಮ್ಮ ಮರ್ಯಾದೆಗೇ ಬಂದ ಕುಂದೆಂದು ಎಣಿಸುತ್ತಿದ್ದರು.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಗ ಬ್ರಿಟನ್ ದೇಶವು ಮ್ಯಾಗ್ನೆಟೊಗಳಿಗೆ ಹೆಚ್ಚು ಕಡಮೆ ಸಂಪೂರ್ಣವಾಗಿ ಜರ್ಮನಿಯನ್ನೇ ನೆಚ್ಚಿತ್ತು. ಲಾರಿಗೂ ವಿಮಾನಕ್ಕೂ ದಳಪತಿಗಳ ಓಲೆ ಒಯ್ಯುವ ಮೋಟಾರ್ ಸೈಕಲ್ಲಿಗೂ ಕಿಡಿ ಬೇಕು. ಕಿಡಿಯನ್ನು ಮಾಡುವವನು ಶತ್ರು! ಬರ್ಮಿಂಗ್‌ಹ್ಯಾಮಿನ ಥಾಮ್ಸನ್-ಬೆನೆಟ್ ಎಂಬ ಸಣ್ಣ ಕಂಪನಿಯಲ್ಲಿ ಮಾತ್ರ ಈ ಕೆಲಸ ಸ್ವಲ್ಪಮಟ್ಟಿಗೆ ನಡೆಯುತ್ತಿತ್ತು. ಅದನ್ನು ಜೋಸೆಫ್ ಲೂಕಸ್ ಕಂಪನಿಯವರು ಅದೇ ವರ್ಷ ಕೊಂಡು ಬೆಳೆಸಿದರು. ಇನ್ನೂ ಹಲವರು ಕೆಲಸಕ್ಕಿಳಿದರು. ಅವರೆಲ್ಲರ ಮುಂದೆ ಮಾದರಿಯಾಗಿ ಇದ್ದುದು ಬಾಷ್ ಯಂತ್ರವೇ. ಎಂಜಿನುಗಳಲ್ಲಿ ಮ್ಯಾಗ್ನೆಟೊ ಕೂರುವ ಪೀಠವನ್ನು ಅದರ ಅಳತೆಗೇ ಮಾಡಿದ್ದುದರಿಂದ, ಬದಲಿ ಯಂತ್ರವೂ ಅದೇ ಅಳತೆಯದಾಗದೆ ಗತಿಯಿರಲಿಲ್ಲ. ಯುದ್ಧಕಾಲದಲ್ಲಿ ಶತ್ರುವಿನ ಪೇಟೆಂಟಿಗೆ ಮನ್ನಣೆ ಯಾರು ಕೊಡುತ್ತಾರೆ? ಆದರೂ ಆ ನಕಲು ಮಾಡಿದವರೆಲ್ಲ ತಮ್ಮ ಯಂತ್ರದ ಮೇಲೆ ತಮ್ಮ ಹೆಸರನ್ನೇ ಬರೆದುಕೊಂಡರು. ಕ್ರಮೇಣ ತಮ್ಮದೇ ಸುಧಾರಣೆಗಳನ್ನೂ ಮಾಡಿದರು.

ಅಮೆರಿಕೆಯಲ್ಲಿ ನಡೆದುದು ಬೇರೆ ಬಗೆಯದು. ಅಲ್ಲಿ ಬಾಷ್ ಅವರ ದೊಡ್ಡ ಕಾರ್ಖಾನೆ ಇತ್ತು. ಅದನ್ನು ಶತ್ರುವಿನ ಸೊತ್ತೆಂದು ಸರಕಾರದವರು ವಶಪಡಿಸಿಕೊಂಡು, ೧೯೧೮ರಲ್ಲಿ ಅಮೆರಿಕೆಯವರಿಗೇ ಮಾರಿಬಿಟ್ಟರು. ಯಂತ್ರ, ಕಟ್ಟಡ, ಪೇಟೆಂಟುಗಳೊಡನೆ ಬಾಷ್ ಎಂಬ ಹೆಸರೂ ಮಾರಾಟವಾಯಿತು. ಯುದ್ಧ ಮುಗಿದ ಮೇಲೆ, ೧೯೨೧ರಲ್ಲಿ, ಬಾಷ್ ನ್ಯೂಯಾರ್ಕಿನಲ್ಲಿ ಮತ್ತೊಂದು ಕಂಪನಿಯನ್ನು ತೆರೆದಾಗ ವಿಚಿತ್ರವಾದ ಸನ್ನಿವೇಶ ಒದಗಿತು. ಒಂದೇ ದೇಶದಲ್ಲಿ, ಒಂದೇ ಬಗೆಯ ಸರಕಿಗೆ, ಒಂದೇ ಹೆಸರಿನ ಎರಡು ಕಂಪನಿಗಳು! ಹೆಸರು ತಂದೆ ಇಟ್ಟದ್ದು, ಕೀರ್ತಿ ದುಡಿದು ಗಳಿಸಿದ್ದು. ಆದರೂ ಅದನ್ನು ಬಳಸಲು ನ್ಯಾಯಾಲಯದ ಮೆಟ್ಟಲು ಹತ್ತಬೇಕಾಯಿತು. ವರ್ಷಗಟ್ಟಲೆ ನಡೆದ ವ್ಯಾಜ್ಯವು ಕೊನೆಗೆ ೧೯೩೦ರಲ್ಲಿ ಎರಡೂ ಕಂಪನಿಗಳು ಒಂದಾಗುವುದರೊಡನೆ ಮುಗಿಯಿತು. ಎರಡನೆಯ ಮಹಾಯುದ್ಧದಲ್ಲಿ ಅದೂ ಮತ್ತೆ ಕೈಬಿಟ್ಟಿತು. ತಮ್ಮ ಹೆಸರಿನ ಸಂಪೂರ್ಣ ಹಕ್ಕು ಅಮೆರಿಕೆಯಲ್ಲಿ ಬಾಷ್ ಕಂಪನಿಗೆ ಮರಳಿ ಬಂದುದು ೧೯೮೩ರಲ್ಲಿ. ಹೆಸರಿನ ಒಡೆಯರು ತೀರಿಕೊಂಡು ಆಗ ನಾಲ್ವತ್ತು ವರ್ಷಗಳು ಸಂದಿದ್ದವು.

ಹೆಸರು ಹೋದ ಆ ಕಷ್ಟಕಾಲದಲ್ಲಿಯೇ ಕಂಪನಿಗೆ ಒಂದು ಮುದ್ರೆ ಬೇಕೆನಿಸಿತು. ೧೯೧೮ರಲ್ಲಿ ಹೋನೋಲ್ಡರು ಅದನ್ನು ಬರೆದುಕೊಟ್ಟರು. ಒಂದು ವೃತ್ತ, ಅದರೊಳಗೆ ಬೆನ್ನಿಗೆ ಬೆನ್ನು ಕೊಟ್ಟಂಥ ಎರಡು ಕವಲು. ಗೋಡೆಗೆ ತೂತು ಕೊರೆಯುವ ಯಂತ್ರದ ಮೇಲೆಯೂ ಸ್ಪಾರ್ಕ್ ಪ್ಲಗ್ಗಿನ ಪೆಟ್ಟಿಗೆಯ ಮೇಲೆಯೂ ನೀವು ಅದನ್ನು ನೋಡಿರಬಹುದು. ಅದು ಮ್ಯಾಗ್ನೆಟೊದೊಳಗೆ ತಂತಿ ಸುತ್ತುವ ಆರ್ಮೇಚರಿನ ಚಿತ್ರ. ಆ ಆರ್ಮೇಚರಿನ ಆಕಾರವನ್ನು ೧೮೫೬ರಲ್ಲಿ ಕಂಡುಹಿಡಿದವರು ವರ್ನರ್ ಸೀಮೆನ್ಸ್. ಬಾಷ್ ತಮ್ಮದೆಂದು ಕಾಪಾಡಿಕೊಂಡ ಮುದ್ರೆಯಲ್ಲಿಯೇ ಹಿಂದಿನವರೊಬ್ಬರ ಕಾಣಿಕೆ ಅಡಗಿದೆ. ಯಾವ ವಿದ್ಯೆಯೂ ಒಬ್ಬನಿಂದ ಆರಂಭವಾಗಿ ಒಬ್ಬನಲ್ಲಿಯೇ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಮುಂದೆ ಕಾರುಗಳಲ್ಲಿ ಮ್ಯಾಗ್ನೆಟೊದ ಬದಲಿಗೆ ಬ್ಯಾಟರಿ ಮತ್ತು ಸುರುಳಿಗಳ ಪದ್ಧತಿ ಬಂತು. ಬಾಷ್ ತಾವೇ ೧೯೨೫ರಲ್ಲಿ ಅದನ್ನೂ ಮಾಡಿ ಮಾರಿದರು. ೧೯೨೭ರಲ್ಲಿ ಡೀಸೆಲ್ ಎಂಜಿನಿಗೆ ಇಂಧನ ಚಿಮ್ಮಿಸುವ ಪಂಪನ್ನು ಹೊರತಂದರು. ಹಳೆಯದರ ಮೇಲೆ ಒಡೆತನ ಸಾಧಿಸುತ್ತ ಕೂರುವುದಕ್ಕಿಂತ ಹೊಸದನ್ನು ಮಾಡುವುದೇ ನಕಲುಗಾರರಿಗೆ ಕೊಡುವ ಸರಿಯಾದ ಉತ್ತರವೆಂದು ಅವರು ತೋರಿಸಿದರು.

ಅವರ ಬಾಳಿನ ಸಂಜೆ ನೆಮ್ಮದಿಯದಾಗಿರಲಿಲ್ಲ. ಹಿರಿಯ ಮಗನು ದೀರ್ಘಕಾಲದ ಕಾಯಿಲೆಯಿಂದ ೧೯೨೧ರಲ್ಲಿ ತೀರಿಕೊಂಡನು. ಹಿಟ್ಲರನ ಆಳ್ವಿಕೆಯನ್ನು ಅವರು ಒಪ್ಪಲಿಲ್ಲ. ಹಿಟ್ಲರನ ವಿರೋಧಿಯಾಗಿ ಮುಂದೆ ಮರಣದಂಡನೆಗೆ ಗುರಿಯಾದ ಗರ್ಡೆಲರ್ ಅವರಿಗೆ ಕಂಪನಿಯಲ್ಲಿ ಕೆಲಸ ಕೊಟ್ಟು ಆಸರೆಯಾದರು. ಕಿರುಕುಳಕ್ಕೊಳಗಾದ ಯಹೂದ್ಯರಿಗೆ ನೆರವಾದರು. ಆದರೂ ಅವರ ಕಾರ್ಖಾನೆಗಳು ಹಿಟ್ಲರನ ಯುದ್ಧಕ್ಕೆ ದುಡಿದವು, ಸೆರೆಯಾಳುಗಳಿಂದ ಬಲವಂತವಾಗಿ ಕೆಲಸ ಮಾಡಿಸಿಕೊಂಡವು ಎಂಬುದನ್ನು ಮರೆಮಾಚುವುದು ಚರಿತ್ರೆಗೆ ಅಪಚಾರ. ೧೯೪೦ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿಕೊಟ್ಟು, ೧೯೪೨ನೆಯ ಮಾರ್ಚ್ ೧೨ರಂದು, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಬಾಷ್ ಕಾಲವಶರಾದರು. ಅವರ ಇಚ್ಛೆಯಂತೆ ಇಂದು ಕಂಪನಿಯ ಬಂಡವಾಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಒಂದು ಧರ್ಮನಿಧಿಗೆ ಸೇರಿದೆ. ವಿದ್ಯೆ, ವೈದ್ಯ ಮುಂತಾದ ಕಾರ್ಯಗಳಿಗೆ ಅದು ಸಲ್ಲುತ್ತಿದೆ.

ಬಾಷ್ ಅವರ ಹೆಸರು ಕನ್ನಡಿಗರಿಗೆ ಹೊರಗಿನದಲ್ಲ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪಿತವಾಯಿತು. ಆಡುಗೋಡಿಯ ಆ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ತಯಾರಾದವು. ಮೈಕೊ ಎಂಬ ಅದರ ಮುದ್ದು ಹೆಸರು ಒಂದು ಬಡಾವಣೆಗೇ ಅಂಟಿಕೊಂಡಿತು; ೨೦೦೮ರಲ್ಲಿ ಕಂಪನಿಯು ಬಾಷ್ ಎಂಬ ಹೆಸರನ್ನು ತಾಳಿತು. ಇತ್ತ ನಮ್ಮ ಚೆನ್ನೈಯ ಪಾಡಿಯಲ್ಲಿ ೧೯೬೧ರಲ್ಲಿ ಲೂಕಸ್-ಟಿವಿಎಸ್ ಕಂಪನಿ ಹುಟ್ಟಿತು; ಯುದ್ಧಕಾಲದಲ್ಲಿ ಬಾಷ್ ಯಂತ್ರಕ್ಕೆ ಬದಲಿ ಮಾಡಿದ ಲೂಕಸ್ಸಿನ ವಂಶವೇ ಅದು. ಹೀಗೆ ಮೂಲವು ಬೆಂಗಳೂರಿಗೂ ಅದನ್ನು ನೋಡಿ ಬೆಳೆದುದು ಮದರಾಸಿಗೂ ಬಂದು ನೆಲಸಿದವು. ಎರಡೂ ಕಡೆ ಸಹಸ್ರಾರು ಸಂಸಾರಗಳು ಅನ್ನ ಕಂಡವು. ಕನ್ನಡ ನಾಡಿನಿಂದ ಬಂದು ಈ ಊರಿನಲ್ಲಿ ಪಾಠ ಹೇಳುತ್ತಿರುವ ನಮಗೆ ಈ ಕಾಕತಾಳೀಯವು ವಿಶೇಷವಾಗಿ ರುಚಿಸುತ್ತದೆ.

ಹಾಗಾದರೆ ನಕಲು ತಪ್ಪೇ? ಡಾಯ್ಟ್ಸ್ ಯಂತ್ರವನ್ನು ಬಾಷ್ ನೋಡಿದರು. ಆದರೆ ಯಾರ ಹಕ್ಕಿಗೂ ಧಕ್ಕೆಯಿಲ್ಲವೇ ಎಂದು ಮೊದಲು ವಿಚಾರಿಸಿದರು, ಬಳಿಕ ತಮ್ಮ ಬುದ್ಧಿಯನ್ನು ಅದಕ್ಕೆ ಕೂಡಿಸಿದರು, ಕೊನೆಗೆ ತಮ್ಮ ಹೆಸರನ್ನಿಟ್ಟು ಹೊಣೆಯನ್ನು ಹೊತ್ತರು. ಈ ಮೂರು ಇದ್ದರೆ ಅದು ಕಲಿಕೆ. ಇನ್ನೊಬ್ಬನ ಹೆಸರನ್ನೂ ಮುದ್ರೆಯನ್ನೂ ಹಚ್ಚಿ ಕಳಪೆ ಸರಕನ್ನು ಮಾರುವವನು ಈ ಮೂರನ್ನೂ ಬಿಟ್ಟವನು. ಅವನು ಕದಿಯುವುದು ಯಂತ್ರವನ್ನಲ್ಲ, ಕೊಳ್ಳುವವನ ನಂಬಿಕೆಯನ್ನು. ಅಂಥ ಕಿಡಿ ನಡುದಾರಿಯಲ್ಲಿ ಆರಿದಾಗ ಕಷ್ಟಪಡುವವನು ಗಾಡಿಯ ಮೇಲೆ ಕುಳಿತವನೇ ಹೊರತು ಮಾರಿದವನಲ್ಲ.

ನಮ್ಮ ತರಗತಿಗಳಿಗೂ ಇದೇ ಮಾತು ಸಲ್ಲುತ್ತದೆ. ಜಾಣನಾದ ಗೆಳೆಯನು ಲೆಕ್ಕವನ್ನು ಬಿಡಿಸುವ ಬಗೆಯನ್ನು ನೋಡಿರಿ, ನಾಚಿಕೆ ಬೇಡ. ಅವನಿಂದ ಕಲಿತೆನೆಂದು ಹೇಳಿರಿ, ಸಂಕೋಚ ಬೇಡ. ಮರುದಿನ ಅದೇ ಬಗೆಯ ಬೇರೊಂದು ಲೆಕ್ಕವನ್ನು ನೀವೇ ಬಿಡಿಸಿರಿ. ಅವನ ಪುಸ್ತಕದ ಉತ್ತರವನ್ನು ಮಾತ್ರ ಎತ್ತಿ ನಿಮ್ಮ ಹೆಸರಿನ ಕೆಳಗೆ ಬರೆಯಬೇಡಿರಿ. ಪರರ ದೀಪದಿಂದ ನಮ್ಮ ದೀಪವನ್ನು ಹೊತ್ತಿಸಿಕೊಂಡರೆ ಯಾರ ಬೆಳಕೂ ಕಡಮೆಯಾಗುವುದಿಲ್ಲ. ಆದರೆ ಎಣ್ಣೆಯೂ ಬತ್ತಿಯೂ ನಮ್ಮವೇ ಆಗಿರಬೇಕು.